ದ್ರಾಕ್ಷಿ ರಾಜನ ಅರ್ಧ ಅಂಕ

ನನ್ನ ಗಂಡ ಮೆತೋದಿ ಹತ್ತೊಂಬತ್ತು ವರ್ಷ ಅರ್ಧ ಅಂಕಕ್ಕಾಗಿ ಕಾದ. ಹತ್ತೊಂಬತ್ತು ವರ್ಷವೆಂದರೆ ತಮಾಷೆಯಲ್ಲ. ಅಷ್ಟರಲ್ಲಿ ನಾವು ಎರಡು ಕತ್ತೆ ಮಣ್ಣು ಮಾಡಿದೆವು, ಎರಡು ಸಲ ಮಾಡಿಗೆ ಹೆಂಚು ಹೊದಿಸಿದೆವು, ಒಬ್ಬಳೇ ಮಗಳನ್ನು ಪ್ಲೊವ್ದಿವ್ ನಗರಕ್ಕೆ ಮದುವೆ ಮಾಡಿ ಕೊಟ್ಟೆವು. ಅರ್ಧ ಅಂಕ ಮಾತ್ರ ಬರಲಿಲ್ಲ.

ಅದು ಚೆಸ್ಸಿನ ಅರ್ಧ ಅಂಕ. ಗೆದ್ದರೆ ಒಂದು, ಸೋತರೆ ಸೊನ್ನೆ, ಡ್ರಾ ಆದರೆ ಅರ್ಧ. ಪಂದ್ಯಾವಳಿಯಲ್ಲಿ ಆರೂವರೆ ಅಂಕ ಗಳಿಸಿದವನಿಗೆ ಮಾಸ್ಟರ್ ಪದವಿ ಎಂದು ಇಟ್ಟಿದ್ದ ವರ್ಷ ಇವನು ಆರು ಗಳಿಸಿದ. ಮುಂದಿನ ವರ್ಷ ಆರೂವರೆ ಗಳಿಸಿಕೊಂಡು ಬಂದ, ಅಷ್ಟರಲ್ಲಿ ಅವರು ಏಳಕ್ಕೆ ಏರಿಸಿದ್ದರು. ಹೀಗೇ ವರ್ಷವರ್ಷವೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇವನಿಗೋ ಗೆಲ್ಲಲು ಧೈರ್ಯವಿಲ್ಲ, ಸೋಲಲು ಮನಸ್ಸಿಲ್ಲ. ಎದುರಿನವನು "ಡ್ರಾ ಮಾಡ್ಕೊಳ್ಳೋಣ್ವಾ?" ಎಂದು ಕೇಳಿದರೆ ಸಾಕು, ಪ್ರಶ್ನೆ ಮುಗಿಯುವ ಮೊದಲೇ ಕೈ ಚಾಚಿಬಿಡುತ್ತಿದ್ದ. ಗೆಲ್ಲುವ ಆಟವನ್ನೂ ಹಾಗೆ ಬಿಟ್ಟುಕೊಟ್ಟು ಬಂದು ಮನೆಯಲ್ಲಿ ಬೀನ್ಸ್ ಸಾರು ಕಲಕುತ್ತಾ ಕೂರುತ್ತಿದ್ದ.

ಬರೀ ಪದವಿಯ ಆಸೆಯಾಗಿದ್ದರೆ ನಾನೂ "ಹೋಗ್ಲಿ ಬಿಡು" ಎನ್ನುತ್ತಿದ್ದೆ. ಆದರೆ ಪದವಿಯ ಹಿಂದೆ ಪುಸ್ತಕವಿತ್ತು. "ಕಾಲಾಳಿನ ಕಷ್ಟಸುಖ" ಅಂತ ಹೆಸರು, ನಾನೂರ ಹನ್ನೆರಡು ಪುಟ. ಅದನ್ನು ಬರೆದವನು ಅವನು, ಟೈಪ್ ಮಾಡಿದವಳು ನಾನು, ಅದೂ ನಾಲ್ಕು ಸಲ. ಸೋಫಿಯಾದ ಪ್ರಕಾಶನದವನು ಅದನ್ನು ತಿರುವಿ ಹಾಕಿ, "ಚೆನ್ನಾಗಿದೆ ಕಾಮ್ರೇಡ್. ಆದ್ರೆ ಮಾಸ್ಟರ್ ಅಲ್ಲದವನ ಚೆಸ್ ಪುಸ್ತಕ ಯಾರು ಓದ್ತಾರೆ? ಪದವಿ ತನ್ನಿ, ಮಾರನೇ ದಿನವೇ ಅಚ್ಚಿಗೆ ಕಳಿಸ್ತೀನಿ" ಎಂದಿದ್ದ. ಅವತ್ತು ಇವನು ಮನೆಗೆ ಬಂದು ಕೋಟೂ ಬಿಚ್ಚದೆ ಒಲೆಯ ಮುಂದೆ ಕೂತುಬಿಟ್ಟ. ಅವನ ಮುಖ ನೋಡಿ ಅವನಿಗೆ ಪುಸ್ತಕ ಆಗಲೇಬೇಕು ಎಂದು ಅವತ್ತೇ ನಿಶ್ಚಯಿಸಿದೆ. ಐದನೇ ಸಲ ಟೈಪ್ ಮಾಡಲು ನನ್ನ ಬೆರಳಲ್ಲಿ ಶಕ್ತಿಯಿರಲಿಲ್ಲ, ಅದು ಬೇರೆ ಮಾತು.

ಆ ವರ್ಷ ಫೆಬ್ರವರಿಯಲ್ಲಿ ಪಂದ್ಯಾವಳಿ ನಮ್ಮೂರು ಗೋರ್ನಾ ಲೋಜಾದ ವಾಚನಾಲಯದಲ್ಲೇ ನಡೆಯಿತು. ಆಟಗಾರರಿಗೆಲ್ಲ ಬಿಟ್ಟಿ ವೈನು ಕೊಡುತ್ತೇವೆ ಎಂದು ನಮ್ಮ ಸಹಕಾರ ಸಂಘ ಬರೆದದ್ದೇ ತಡ, ಜಿಲ್ಲೆಯವರು ಬೇರೆ ಊರನ್ನು ಯೋಚಿಸಲೇ ಇಲ್ಲ. ಕೊನೆಯ ಆಟಕ್ಕೆ ಬರುವ ಹೊತ್ತಿಗೆ ನಮ್ಮವನಿಗೆ ಬೇಕಾಗಿದ್ದದ್ದು, ಮತ್ತೇನು, ಅದೇ ಅರ್ಧ ಅಂಕ. ಎದುರಾಳಿ ಯಾವೋರ್ ಎಂಬ ಹುಡುಗ. ಸೋಫಿಯಾದಲ್ಲಿ ಕಾನೂನು ಓದುವವನು. ತಿಳಿ ಬೂದು ಬಣ್ಣದ ಹೊಸ ಸೂಟು, ಬೈತಲೆ ತೆಗೆದ ತಲೆ, ಬೆರಳುಗಳೆಲ್ಲ ತೊಳೆದಿಟ್ಟ ಮೂಲಂಗಿಯಂತೆ ಚೊಕ್ಕ.

ಹದಿಮೂರನೇ ತಾರೀಕು ಐದು ಗಂಟೆ ಆಡಿದರೂ ಆಟ ಮುಗಿಯಲಿಲ್ಲ. ಹಾಗೆ ನಿಂತ ಆಟದಲ್ಲಿ ಮುಂದಿನ ನಡೆಯನ್ನು ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಮುಚ್ಚಿಡುವುದು ಚೆಸ್ಸಿನವರ ಪದ್ಧತಿ. ಸರದಿ ಮೆತೋದಿಯದು, ಬರೆದು ಮುಚ್ಚಿದ. ತೀರ್ಪುಗಾರ ವರ್ಬಾನ್ ಮೇಷ್ಟ್ರು ಅದರ ಮೇಲೆ ಸಹಿ ಹಾಕಿ, "ನಾಳೆ ನಾಲ್ಕು ಗಂಟೆಗೆ" ಎಂದರು.

"ಮೇಷ್ಟ್ರೇ, ನಾಳೆ ಟ್ರಿಫೋನ್ ಹಬ್ಬ" ಎಂದೆ.

"ನಾನು ಗಣಿತದ ಮೇಷ್ಟ್ರು. ನನಗೆ ಹಬ್ಬ ಇಲ್ಲ. ನಾಲ್ಕು ಅಂದ್ರೆ ನಾಲ್ಕು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥವರನ್ನು ನೋಡಿಯೇ. ನಮ್ಮೂರಿನವರಿಗೆ ಈಸ್ಟರ್ ತಪ್ಪಿದರೂ ನಡೆದೀತು, ಟ್ರಿಫೋನ್ ತಪ್ಪುವಂತಿಲ್ಲ. ಅವತ್ತು ಪ್ರತಿ ಮನೆಯಿಂದ ಒಬ್ಬ ಗಂಡಸು ಗುಡ್ಡದ ದ್ರಾಕ್ಷಿ ತೋಟಕ್ಕೆ ಹೋಗಿ ಬಳ್ಳಿಯ ಮೂರು ಕಡ್ಡಿ ಕತ್ತರಿಸಿ ಬುಡಕ್ಕೆ ವೈನು ಹೊಯ್ಯಬೇಕು. ಹೋಗದ ಮನೆಯ ವೈನು ಆ ವರ್ಷ ಹುಳಿಯಾಗುತ್ತದೆ. ಹೆಂಗಸರು ಅವತ್ತು ಗುಡ್ಡ ಹತ್ತುವಂತಿಲ್ಲ, ರೊಟ್ಟಿ ಕೋಳಿ ಕಟ್ಟಿಕೊಟ್ಟು ಕೆಳಗೇ ಇರಬೇಕು.

ಮೆತೋದಿ ಬೆಳಗ್ಗೆಯೇ ಹೇಳಿದ: "ಸ್ಲಾವ್ಕಾ, ನಾನು ಹೋಗಲ್ಲ. ಕೂತು ಲೆಕ್ಕ ಹಾಕ್ಬೇಕು."

ಅವನು ಹೇಳಿದ್ದನ್ನು ಕೇಳಬೇಕಿತ್ತು. ಕಳಿಸಿದವಳು ನಾನೇ. ನನ್ನ ನಾಲಿಗೆಗೆ ಬೆಂಕಿ ಬೀಳ!

"ಲೆಕ್ಕ ಅಲ್ಲೂ ಹಾಕ್ಬಹುದು. ಮೂರು ಕಡ್ಡಿ, ಮೂರು ನಿಮಿಷ. ಆಚೆಮನೆ ಗೀನಾ ಅಜ್ಜಿ ಬೇಲಿ ಮೇಲಿಂದ ನೋಡ್ತಾ ಕೂತಿದ್ದಾಳೆ. ನೀನು ಹೋಗದಿದ್ರೆ ಮುಂದಿನ ವರ್ಷದವರೆಗೂ ನನ್ನ ತಲೆ ತಿಂತಾಳೆ" ಎಂದು ಚೀಲದಲ್ಲಿ ರೊಟ್ಟಿ, ಗೋಧಿನುಚ್ಚು ತುಂಬಿಸಿ ಸುಟ್ಟ ಕೋಳಿ, ಒಂದು ಸೋರೆಬುರುಡೆ ವೈನು ಇಟ್ಟು ಹೊರಗೆ ನೂಕಿದೆ.

ಗುಡ್ಡದ ಮೇಲೆ ಆದದ್ದನ್ನು ಆಮೇಲೆ ಟ್ರ್ಯಾಕ್ಟರ್ ಓಡಿಸುವ ದೆಲ್ಚೋ ನನಗೆ ಹೇಳಿದ. ಕಡ್ಡಿ ಕತ್ತರಿಸಿದ ಮೇಲೆ ಗಂಡಸರೆಲ್ಲ ಸೇರಿ ಆ ವರ್ಷದ ದ್ರಾಕ್ಷಿ ರಾಜನನ್ನು ಆರಿಸುತ್ತಾರೆ. ರಾಜನ ತಲೆಗೆ ಬಳ್ಳಿಯ ಕಿರೀಟ ಇಟ್ಟು ಭುಜದ ಮೇಲೆ ಹೊತ್ತು ಊರಿಗೆ ಇಳಿಸುತ್ತಾರೆ. ತನ್ನ ಮನೆಯ ಹೊಸಿಲು ತಲುಪುವವರೆಗೆ ಅವನ ಕಾಲು ನೆಲಕ್ಕೆ ತಾಗುವಂತಿಲ್ಲ. ಹೋದ ವರ್ಷ ದೆಲ್ಚೋನೇ ರಾಜ, ಹೋದ ವರ್ಷವೇ ಮೂರು ಸಲ ಆಲಿಕಲ್ಲು ಮಳೆ ಬಿದ್ದು ಬಳ್ಳಿಯೆಲ್ಲ ಪೊರಕೆಯಾಯಿತು. ವರ್ಷವಿಡೀ ಊರು ಅವನನ್ನು ಬೈದ ಬೈಗುಳ ಕೇಳಿದವರು ಯಾರೂ ಈ ಸಲ ರಾಜನಾಗಲು ಒಪ್ಪಲಿಲ್ಲ. ಒಬ್ಬನಿಗೆ ಸೊಂಟನೋವು, ಇನ್ನೊಬ್ಬನ ಅತ್ತೆಗೆ ಹುಷಾರಿಲ್ಲ, ಮತ್ತೊಬ್ಬನಿಗೆ ಎತ್ತರವೆಂದರೆ ತಲೆಸುತ್ತು. ನಮ್ಮ ಮಹಾರಾಯ ಮಾತ್ರ ಒಂದು ಬುಟ್ಟಿ ಬೋರಲು ಹಾಕಿ ಕೂತು, ದ್ರಾಕ್ಷಿ ಬುಡವನ್ನೇ ದಿಟ್ಟಿಸುತ್ತಾ ಬೆರಳು ಮಡಿಸಿ ನಡೆ ಎಣಿಸುತ್ತಿದ್ದ.

"ಇಗೋ, ಇವನೊಬ್ಬ ಬೇಡ ಅಂತಿಲ್ಲ!" ಎಂದು ದೆಲ್ಚೋ ಕೂಗಿದ.

ಬೇಡ ಎನ್ನದವನೇ ರಾಜ. ಇವನ ಲೆಕ್ಕ ಒಂಬತ್ತನೇ ನಡೆಗೆ ಬರುವಷ್ಟರಲ್ಲಿ ತಲೆಯ ಮೇಲೆ ಕಿರೀಟವಿತ್ತು, ಕೆಳಗೆ ನಾಲ್ಕು ಜನರ ಭುಜವಿತ್ತು.

ಇತ್ತ ನಾನು ನಾಲ್ಕಕ್ಕೆ ಹತ್ತು ನಿಮಿಷವಿರುವಾಗಲೇ ವಾಚನಾಲಯದಲ್ಲಿ ಹೋಗಿ ಕೂತೆ. ಯಾವೋರ್ ಬಂದ, ಕುರ್ಚಿ ಒರೆಸಿಕೊಂಡು ಕೂತ. ಸರಿಯಾಗಿ ನಾಲ್ಕಕ್ಕೆ ಮೇಷ್ಟ್ರು ಲಕೋಟೆ ಹರಿದು ನಮ್ಮವನ ನಡೆಯನ್ನು ಹಲಗೆಯ ಮೇಲೆ ಆಡಿದರು. ಯಾವೋರ್ ತಟ್ಟನೆ ಉತ್ತರ ಆಡಿ ಗಡಿಯಾರ ಒತ್ತಿದ. ಈಗ ಓಡುತ್ತಿರುವುದು ಮೆತೋದಿಯ ಗಡಿಯಾರ. ಅದರಲ್ಲಿ ಉಳಿದಿದ್ದದ್ದು ಮೂವತ್ತೈದು ನಿಮಿಷ, ಅದು ಮುಗಿದರೆ ಸೋಲು.

"ಬರ್ತಾನೆ ಮೇಷ್ಟ್ರೇ, ಈಗ ಬಂದ" ಎಂದೆ.

"ಅವಸರವಿಲ್ಲ ತಾಯಿ. ಮೂವತ್ನಾಲ್ಕು ನಿಮಿಷ ಇದೆ."

ಅಷ್ಟರಲ್ಲಿ ಗುಡ್ಡದ ಕಡೆಯಿಂದ ಡೋಲಿನ ಸದ್ದು ಕೇಳಿತು. ಹೊರಗೆ ಓಡಿದೆ. ಊರ ತುದಿಯಲ್ಲಿ, ನಮ್ಮ ಬೀದಿಗೆ ಮೊದಲು ಸಿಗುವ ಗೀನಾ ಅಜ್ಜಿಯ ಗೇಟಿನ ಮುಂದೆ ಮೆರವಣಿಗೆ ನಿಂತಿತ್ತು. ಡೋಲು, ತೊಗಲು ಚೀಲದ ಊದುವಾದ್ಯ, ಕುಣಿಯುವ ಗಂಡಸರು. ಎಲ್ಲರ ತಲೆಗಿಂತ ಎರಡು ಮೊಳ ಮೇಲೆ, ಕಿರೀಟ ಸೊಟ್ಟಗಾಗಿ, ಹಬ್ಬಕ್ಕೆ ಅಲಂಕಾರ ಮಾಡಿದ ಹೋರಿಯ ಹಾಗೆ ಕಣ್ಣು ಬಿಡುತ್ತಿದ್ದವನು ನನ್ನ ಗಂಡ!

"ಅಯ್ಯೋ ನನ್ನ ಹಣೆಬರಹವೇ! ಮೆತೋದಿ, ಇಳಿಯೋ ಕೆಳಗೆ!"

"ಸ್ಲಾವ್ಕಾ, ಗಂಟೆ ಎಷ್ಟು?" ಎಂದು ಅವನು ಮೇಲಿಂದ ಅಳುವ ದನಿಯಲ್ಲಿ ಕೇಳಿದ.

"ನಾಲ್ಕೂ ಐದು! ನಿನ್ನ ಗಡಿಯಾರ ಓಡ್ತಿದೆ! ಇಳಿ ಅಂದ್ನಲ್ಲ!"

ಗೀನಾ ಅಜ್ಜಿ ತಾಮ್ರದ ಬೋಗುಣಿ ಹಿಡಿದು ಗೇಟಿನಲ್ಲಿ ನಿಂತಿದ್ದಳು. ಎಂಬತ್ತೆರಡು ವರ್ಷ, ಬಾಯಲ್ಲಿ ಎರಡೇ ಹಲ್ಲು, ಎರಡೂ ಹರಿತ. "ಇಳಿಸಿ ನೋಡೇ, ಇಳಿಸಿ ನೋಡು!" ಎಂದಳು. "ಹೋದ ವರ್ಷ ಈ ದೆಲ್ಚೋ ದಾರೀಲಿ ಉಚ್ಚೆ ಹೊಯ್ಯಕ್ಕೆ ಅಂತ ಇಳಿದ. ಏನಾಯ್ತು? ಮೂರು ಸಲ ಆಲಿಕಲ್ಲು!"

"ಅಜ್ಜೀ, ಬರೀ ಒಂದು ಕಾಲು ಇಟ್ಟಿದ್ದೆ" ಎಂದು ದೆಲ್ಚೋ ಭಾರದ ಕೆಳಗಿಂದ ಗೊಣಗಿದ.

ನಾನು ಮೆತೋದಿಯ ಬೂಟು ಹಿಡಿದು ಎಳೆದೆ. ಇಂಥ ಮೂಢನಂಬಿಕೆಗಳನ್ನು ಲೇವಡಿ ಮಾಡಿ ಅವನ ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯವಿದೆ, ಅದನ್ನೂ ನಾಲ್ಕು ಸಲ ಟೈಪ್ ಮಾಡಿದ್ದೇನೆ. ಆದರೆ ಅವನು ಕೆಳಗೆ ನೋಡಿದ. ಎಲ್ಲರೂ ಅವನ ಕಾಲನ್ನೇ ನೋಡುತ್ತಿದ್ದರು. ಡೋಲಿನವನೂ ಬಾರಿಸುವುದನ್ನು ನಿಲ್ಲಿಸಿದ್ದ. ಹೋದ ವರ್ಷ ಬಳ್ಳಿ ಹಾಳಾಗಿ ಎಲ್ಲರ ಪೀಪಾಯಿಯೂ ತಳ ಕಾಣುತ್ತಿತ್ತು.

"ಇಳಿಯಲ್ಲ ಕಣೇ" ಎಂದ. "ನಾನು ನಂಬಲ್ಲ. ಆದ್ರೆ ಬೇಸಿಗೇಲಿ ಒಂದು ಕಲ್ಲು ಬಿದ್ರೂ ಇವರ ಮುಖ ಹೇಗೆ ನೋಡ್ಲಿ ನಾನು?"

ಹೇಡಿ ಎನ್ನಲೋ ಒಳ್ಳೆಯವನು ಎನ್ನಲೋ ತಿಳಿಯದೆ ನನಗೆ ಕೋಪವೂ ಬಂತು, ಅಳುವೂ ಬಂತು. ಅಷ್ಟರಲ್ಲಿ ಅಜ್ಜಿ ಬೋಗುಣಿ ಎತ್ತಿ ಅವನಿಗೆ ಕುಡಿಸಿ, ಉಳಿದದ್ದನ್ನು "ಹೀಗೇ ಉಕ್ಕಿ ಹರೀಲಿ!" ಎಂದು ಅವನ ಮೇಲೆ ಸುರಿದಳು. ಅದು ಪದ್ಧತಿ. ಪ್ರತಿ ಗೇಟಿನಲ್ಲೂ ರಾಜ ಕುಡಿಯಬೇಕು, ಪ್ರತಿ ಗೇಟಿನಲ್ಲೂ ತೋಯಬೇಕು. ನಮ್ಮೂರಲ್ಲಿ ಅರವತ್ತೆಂಟು ಗೇಟು.

ಆಗ ನನ್ನ ತಲೆ ಓಡಿತು. "ಅಜ್ಜೀ, ರಾಜ ಊರಿನ ಎಲ್ಲಾ ಬಾಗಿಲಿಗೂ ಹೋಗ್ಬೇಕು ತಾನೇ?"

"ಒಂದೂ ಬಿಡೋ ಹಾಗಿಲ್ಲ."

"ವಾಚನಾಲಯಕ್ಕೆ ಬಾಗಿಲಿಲ್ವಾ? ಒಬ್ಬ ರಾಜನಾದ್ರೂ ಇದುವರೆಗೆ ಅಲ್ಲಿಗೆ ಹೋಗಿದ್ದಾನಾ? ಆಲಿಕಲ್ಲು ಯಾಕೆ ಬೀಳ್ತಿದೆ ಅಂತ ಈಗ ಗೊತ್ತಾಯ್ತಾ?"

ಅಜ್ಜಿ ಯೋಚಿಸಿದಳು.

"ಹೌದಲ್ಲೇ" ಎಂದಳು ಕೊನೆಗೆ. "ಮೊದಲು ಅಲ್ಲಿಗೇ ಹೋಗ್ಲಿ. ಆದ್ರೆ ದಾರೀಲಿ ಸಿಗೋ ಗೇಟು ಬಿಡೋ ಹಾಗಿಲ್ಲ."

ದಾರಿಯಲ್ಲಿ ಸಿಗುವುದು ಹದಿನಾಲ್ಕು ಗೇಟು. ಲಂಗ ಎತ್ತಿ ಹಿಡಿದು ಓಡಿದೆ. ಮೆರವಣಿಗೆಗಿಂತ ಮುಂದೆ ಓಡಿ ಒಂದೊಂದು ಗೇಟನ್ನೂ ಬಡಿದು, "ಬೋಗುಣಿ ತಗೊಂಡು ಹೊರಗೆ ನಿಲ್ಲಿ! ರಾಜ ಓಡ್ಕೊಂಡು ಬರ್ತಿದ್ದಾನೆ!" ಎಂದು ಕೂಗಿದೆ. ಹಿಂದಿನಿಂದ ನಾಲ್ಕು ಜನ ಏದುಸಿರು ಬಿಡುತ್ತಾ ಅವನನ್ನು ಹೊತ್ತು ಬಂದರು. ಒಂದು ಗುಟುಕು, ಒಂದು ಸುರಿತ, ಮುಂದಿನ ಗೇಟು. ಐದನೇ ಗೇಟಿನವರೆಗೆ "ಗಂಟೆ ಎಷ್ಟು?" ಎಂದು ಕೇಳುತ್ತಿದ್ದವನು ಎಂಟನೇ ಗೇಟಿನಲ್ಲಿ ಕೇಳುವುದನ್ನು ಬಿಟ್ಟ. ಹತ್ತನೆಯದರಲ್ಲಿ ಕೈ ಬೀಸತೊಡಗಿದ. ಹದಿಮೂರರಲ್ಲಿ, "ಇನ್ನೊಂದು ಸುರೀರಮ್ಮಾ, ಸಾಲದು!" ಎಂದ.

ವಾಚನಾಲಯದ ಬಾಗಿಲಲ್ಲಿ ವರ್ಬಾನ್ ಮೇಷ್ಟ್ರು ಕೈ ಅಡ್ಡ ಹಿಡಿದರು. "ಒಳಗೆ ಡೋಲಿಲ್ಲ. ವೈನಿಲ್ಲ. ಆಟಗಾರ ಮಾತ್ರ ಬರಬೇಕು, ಕುರ್ಚಿಯಲ್ಲಿ ಕೂರಬೇಕು."

"ಕುರ್ಚಿ ಕಾಲು ನೆಲದ ಮೇಲಿದೆ, ಅವನ ಕಾಲೂ ನೆಲಕ್ಕೆ ತಾಗುತ್ತೆ. ಆಗಲ್ಲ" ಎಂದ ದೆಲ್ಚೋ.

"ಕುರ್ಚಿಯಲ್ಲೇ ಕೂರಬೇಕು ಅಂತ ಎಲ್ಲಿ ಬರೆದಿದೆ ಮೇಷ್ಟ್ರೇ? ತೋರಿಸಿ" ಎಂದೆ ನಾನು.

ಆ ಮನುಷ್ಯ ಗಣಿತದವರು, ಪುಣ್ಯಾತ್ಮರು. ಜೇಬಿನಿಂದ ನಿಯಮಗಳ ಪುಸ್ತಕ ತೆಗೆದು ಬೆರಳಿಗೆ ಉಗುಳು ಹಚ್ಚಿ ಪುಟ ಪುಟವೂ ನೋಡಿದರು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅವರ ಕೈಯಿಂದ ಪುಸ್ತಕ ಕಿತ್ತು ಎಸೆಯಬೇಕೆನಿಸಿತು ನನಗೆ.

"ಬರೆದಿಲ್ಲ" ಎಂದರು ಕೊನೆಗೆ, ಬಹಳ ಬೇಸರದಿಂದ. "ಭುಜದ ಮೇಲೆ ಕೂರಬಾರದು ಅಂತಾನೂ ಬರೆದಿಲ್ಲ. ಬನ್ನಿ. ಆರು ನಿಮಿಷ ಇದೆ."

ಬಾಗಿಲು ಗಿಡ್ಡ. ನಾಲ್ವರೂ ಬಗ್ಗಿ ಅವನನ್ನು ಒಳಗೆ ತೂರಿಸಿದರು. ಕಿರೀಟ ಪರದೆಗೆ ಸಿಕ್ಕಿಕೊಂಡು, ಪರದೆಯ ಸಮೇತ ರಾಜ ಒಳಗೆ ಬಂದ. ಯಾವೋರ್ ಕುರ್ಚಿಯಿಂದ ಅರ್ಧ ಎದ್ದು ನಿಂತ.

ಮೇಲಿಂದ ಹಲಗೆಗೆ ಕೈ ಎಟುಕುವುದಿಲ್ಲವಲ್ಲ, ಹಾಗಾಗಿ ಪ್ರತಿ ನಡೆಗೂ ನಾಲ್ವರು "ಹೋಪ್ ಹೋಪ್" ಎಂದು ಮಂಡಿಯೂರುತ್ತಿದ್ದರು. ಅವನು ಬಗ್ಗಿ ನಡೆ ಆಡಿ ಗಡಿಯಾರ ಗುದ್ದುತ್ತಿದ್ದ. ಮತ್ತೆ "ಹೋಪ್" ಎಂದು ಮೇಲೇಳುತ್ತಿದ್ದರು. ಒಂದೊಂದು ಸಲ ಬಗ್ಗಿದಾಗಲೂ ಅವನ ತೋಳಿನಿಂದ, ಗಡ್ಡದಿಂದ, ಕಿರೀಟದಿಂದ ವೈನು ತೊಟ್ಟಿಕ್ಕುತ್ತಿತ್ತು. ಯಾವೋರ್ ಕರವಸ್ತ್ರ ತೆಗೆದು ಮೊದಲು ಹಲಗೆ ಒರೆಸಿದ, ಆಮೇಲೆ ಪ್ಯಾಂಟು ಒರೆಸಿದ, ಆಮೇಲೆ ಒರೆಸುವುದನ್ನೇ ಬಿಟ್ಟ.

"ಆ ಒಂಟೆ ತಿಂದುಹಾಕು ಮೆತೋದಿ!" ಎಂದ ದೆಲ್ಚೋ ಕೆಳಗಿಂದ.

"ಅದು ನಂದೇ ಕಣೋ."

"ಹೊರುವವರು ಮಾತಾಡುವಂತಿಲ್ಲ!" ಎಂದು ಮೇಷ್ಟ್ರು ಗುಡುಗಿದರು.

ಆಟ ಎಲ್ಲಿಗೆ ಬಂದಿತ್ತೆಂದರೆ, ನಮ್ಮವನ ರಾಜ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ. ಅವನ ಮುಂದೆ ಅಲ್ಲಾಡಲಾರದ ಒಂದು ಕಾಲಾಳು. ಹಲಗೆಯ ನಡುವೆ ಬಹಳ ಮುಂದೆ ಹೋಗಿ ನಿಂತ ಇನ್ನೊಂದು ಕಾಲಾಳು, ಜೊತೆಗೆ ಒಂದು ಒಂಟೆ. ಅಷ್ಟೇ ಆಸ್ತಿ. ಗೆಲ್ಲಲು ಅಲ್ಲಿ ಏನೂ ಇಲ್ಲವೆಂದು ಟೈಪ್ ಮಾಡಿ ಮಾಡಿಯೇ ಚೆಸ್ ಕಲಿತ ನನಗೂ ಕಾಣುತ್ತಿತ್ತು.

ಯಾವೋರ್ ತನ್ನ ಸೂಟಿನ ಮೇಲಿನ ಕೆಂಪು ಕಲೆಗಳನ್ನು ನೋಡಿಕೊಂಡ. ಗೋಡೆಯ ಗಡಿಯಾರ ನೋಡಿದ. "ಕಾಮ್ರೇಡ್, ಡ್ರಾ ಮಾಡ್ಕೊಳ್ಳೋಣ. ನನಗೆ ಐದಕ್ಕೆ ಬಸ್ಸಿದೆ" ಎಂದ.

ಹತ್ತೊಂಬತ್ತು ವರ್ಷದ ಅರ್ಧ ಅಂಕ! ತಟ್ಟೆಯಲ್ಲಿಟ್ಟು, ಚಮಚ ಹಾಕಿ, ಬಾಯಿಯ ಹತ್ತಿರ ತಂದುಕೊಟ್ಟಿದ್ದಾನೆ ಹುಡುಗ. ಇವನು ಮಾಡಬೇಕಾದದ್ದು ತನ್ನ ಜೀವನವಿಡೀ ಮಾಡಿದ್ದನ್ನೇ, ಕೈ ಚಾಚುವುದು.

ಮೆತೋದಿ ಕಿರೀಟ ಸರಿಮಾಡಿಕೊಂಡ. ಎದೆ ಉಬ್ಬಿಸಿದ.

"ರಾಜನಾದವನು ಹಂಚಿಕೊಳ್ಳಲ್ಲ" ಎಂದ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗೆ ಬಂದದ್ದು ಐಶ್ವರ್ಯವೂ ಅಲ್ಲ, ನಾಲ್ಕು ಒಣಕಡ್ಡಿ. ನನಗೆ ಎಲ್ಲಿತ್ತೋ ಆ ದನಿ, ಕಿಟಕಿಯ ಗಾಜು ನಡುಗುವಂತೆ ಕಿರುಚಿದೆ: "ಒಪ್ಕೊಳ್ಳೋ, ದರಿದ್ರದವನೇ! ಡ್ರಾ ಒಪ್ಕೋ!"

ಯಾವೋರ್ ಥಟ್ಟನೆ ಎದ್ದ. ಕಾನೂನು ಓದುವವನಲ್ಲವೇ? "ಆಕ್ಷೇಪಣೆ! ಹೊರಗಿನವರು ಸಲಹೆ ಕೊಟ್ಟಿದ್ದಾರೆ. ನಿಯಮದ ಪ್ರಕಾರ ಇವರಿಗೆ ಸೋಲು ಘೋಷಿಸಬೇಕು!"

ನನ್ನ ಬಾಯಿಂದಲೇ ಅವನ ಪುಸ್ತಕ ಮುಳುಗಿತಲ್ಲಾ! ವರ್ಬಾನ್ ಮೇಷ್ಟ್ರು ಎರಡೂ ಗಡಿಯಾರ ನಿಲ್ಲಿಸಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಯುವಕ, ನಿನಗೆ ಮದುವೆಯಾಗಿದೆಯಾ?"

"ಇಲ್ಲ."

"ನನಗೆ ಆಗಿ ಮೂವತ್ತೊಂದು ವರ್ಷ. ಸಲಹೆ ಅಂದ್ರೆ ಏನು? ಆಟಗಾರನಿಗೆ ಉಪಯೋಗಕ್ಕೆ ಬರೋ ಮಾತು. ಹೆಂಡತಿ ಮಾತನ್ನ ಯಾವ ಗಂಡಾನೂ ಕೇಳಲ್ಲ. ಕೇಳದ ಮಾತು ಉಪಯೋಗಕ್ಕೆ ಬರಲ್ಲ. ಆದ್ದರಿಂದ ಅದು ಸಲಹೆ ಅಲ್ಲ." ಮೇಲಕ್ಕೆ ತಿರುಗಿ, "ಕಾಮ್ರೇಡ್, ನೀವು ಡ್ರಾ ಒಪ್ಕೋತೀರಾ?"

"ಸಾಧ್ಯವೇ ಇಲ್ಲ!" ಎಂದ ನನ್ನ ಗಂಡ.

"ಕಂಡ್ಯಾ? ಆಕ್ಷೇಪಣೆ ತಳ್ಳಿಹಾಕಲಾಗಿದೆ. ಒಂದು ನಿಮಿಷ ಉಳಿದಿದೆ, ಆಡಿ."

ಗಡಿಯಾರ ಮತ್ತೆ ಓಡಿತು. ನಾಲ್ವರು "ಹೋಪ್" ಎಂದು ಮಂಡಿಯೂರಿದರು. ಮೆತೋದಿ ನಡುವಿನ ಕಾಲಾಳನ್ನು ಮುಂದೆ ನೂಕಲು ರಾಜಗಾಂಭೀರ್ಯದಿಂದ ಕೈ ಚಾಚಿದ. ಸರಿಯಾಗಿ ಅದೇ ಹೊತ್ತಿಗೆ ದೆಲ್ಚೋನಿಗೆ ಬಿಕ್ಕಳಿಕೆ ಬಂತು. ಇಡೀ ಸಿಂಹಾಸನ ಅಲುಗಿತು. ವೈನಿನಲ್ಲಿ ನೆಂದು ಭಾರವಾಗಿದ್ದ ತೋಳಿಗೆ ಸಿಕ್ಕ ಒಂಟೆಯನ್ನು, ಬೀಳದಿರಲೆಂದು ಇವನು ಗಪ್ಪನೆ ಹಿಡಿದುಕೊಂಡ.

"ಮುಟ್ಟಿದಿರಿ" ಎಂದ ಯಾವೋರ್. "ಮುಟ್ಟಿದ ಕಾಯಿಯನ್ನೇ ಆಡಬೇಕು."

ಮೇಷ್ಟ್ರು ತಲೆಯಾಡಿಸಿದರು. ಹದಿನಾಲ್ಕು ಗೇಟಿನ ಅಮಲು ಒಂದೇ ಕ್ಷಣದಲ್ಲಿ ಮೆತೋದಿಯ ಮುಖದಿಂದ ಇಳಿದುಹೋಯಿತು. ಒಂಟೆ ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದ. ಆ ನೋಟವನ್ನು ನಾನು ಬಲ್ಲೆ. ಒಲೆಯ ಮುಂದೆ ಕೋಟು ಬಿಚ್ಚದೆ ಕೂತಿದ್ದಾಗಿನ ನೋಟ. ಅವನನ್ನು ಹೊಡೆಯಬೇಕೆನಿಸಿತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು.

ಏನೂ ತೋಚದಿದ್ದಾಗ ಚೆಕ್ ಕೊಡು ಎನ್ನುತ್ತಾರೆ ನಮ್ಮ ಕಡೆ. ಅವನು ಒಂಟೆಯನ್ನು ಕಾಲಾಳಿನ ಮುಂದಿನ ಮನೆಯಲ್ಲಿಟ್ಟು, "ಚೆಕ್" ಎಂದು ಪಿಸುಗುಟ್ಟಿದ. ಯಾವೋರ್‌ನ ರಾಜನ ಪಕ್ಕದಲ್ಲೇ, ಕಾವಲಿಲ್ಲದೆ, ಪುಕ್ಕಟೆ. ಯಾವೋರ್ ಯೋಚಿಸಲೂ ಇಲ್ಲ. ಸೂಟಿನ ಸಿಟ್ಟು, ಬಸ್ಸಿನ ಸಿಟ್ಟು, ಮದುವೆಯ ಪ್ರಶ್ನೆ ಕೇಳಿದ ಸಿಟ್ಟು, ಎಲ್ಲ ಸೇರಿಸಿ ತನ್ನ ರಾಜನಿಂದ ಒಂಟೆಯನ್ನು ಹೊಡೆದು ಗಡಿಯಾರ ಗುದ್ದಿದ.

ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಮೇಷ್ಟ್ರು ಹಲಗೆಯ ಮೇಲೆ ಮೂಗು ತಾಗುವಷ್ಟು ಬಗ್ಗಿದ್ದರು.

"ರಾಜನಿಗೆ ಹೋಗಲು ಮನೆಯಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಮೂಲೆಯ ಕಾಲಾಳಿಗೆ ದಾರಿಯಿಲ್ಲ. ನಡುವಿನ ಕಾಲಾಳಿನ ಮುಂದೆ ಈಗ ಎದುರಿನ ರಾಜನೇ ಬಂದು ನಿಂತಿದ್ದಾನೆ. ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ." ನೆಟ್ಟಗೆ ನಿಂತು ಎರಡೂ ಗಡಿಯಾರ ನಿಲ್ಲಿಸಿದರು. "ಆಡಲು ನಡೆಯೇ ಇಲ್ಲದಿದ್ರೆ ಆಟ ಡ್ರಾ. ಅರ್ಧರ್ಧ ಅಂಕ."

ಯಾವೋರ್ ಹಲಗೆ ನೋಡಿದ, ಒಂಟೆ ನೋಡಿದ, ತನ್ನ ಕೈಯನ್ನೇ ನೋಡಿದ. ಹೊರಗೆ ಐದರ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು.

"ಗೆದ್ವಾ?" ಎಂದ ದೆಲ್ಚೋ ಕೆಳಗಿಂದ.

"ಇಲ್ಲ" ಎಂದ ಮೆತೋದಿ.

"ಸೋತ್ವಾ?"

"ಇಲ್ಲ."

"ಮತ್ತೆ ಇಷ್ಟು ಹೊತ್ತು ನಿನ್ನ ಹೊತ್ಕೊಂಡು ನಾವು ಏನ್ ಮಾಡಿದ್ವಿ?"

ನಾನು ಗೋಡೆಗೆ ಒರಗಿ ಗೊಳೋ ಎಂದು ಅತ್ತುಬಿಟ್ಟೆ. ಅವನು ಮೇಲಿಂದ, "ಅಳಬೇಡ್ವೇ ಸ್ಲಾವ್ಕಾ, ಮಾಸ್ಟರ್ ಹೆಂಡತಿ ಅಳ್ತಾರಾ?" ಎನ್ನುತ್ತಾ ತಾನೂ ಅಳುತ್ತಿದ್ದ. ಉಳಿದ ಐವತ್ತಮೂರು ಗೇಟು ಮುಗಿಸಿ ನಮ್ಮ ಹೊಸಿಲಿಗೆ ಅವನನ್ನು ಇಳಿಸಿದಾಗ, ನೆಲಕ್ಕೆ ಕಾಲಿಟ್ಟ ರಾಜ ನೇರವಾಗಿ ನನ್ನ ಮೇಲೆ ಬಿದ್ದ.

ಮಾರ್ಚ್ ಕೊನೆಗೆ ಪದವಿಯ ಪತ್ರ ಬಂತು. ಏಪ್ರಿಲ್‌ನಲ್ಲಿ ಸೋಫಿಯಾದಿಂದ ಇನ್ನೊಂದು ಪತ್ರ: ಪುಸ್ತಕ ಅಚ್ಚಿಗೆ ಹೋಗುತ್ತದೆ, ಪದವಿ ತಂದುಕೊಟ್ಟ ಆಟವನ್ನು ವಿವರಣೆಯ ಸಮೇತ ಕೊನೆಯಲ್ಲಿ ಸೇರಿಸಿ, ವಾರದೊಳಗೆ ಕಳಿಸಿ. ಅಡುಗೆಮನೆಯ ಮೇಜಿನ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಕೂತೆ. ಅವನು ಕೈ ಹಿಂದೆ ಕಟ್ಟಿಕೊಂಡು ಅತ್ತಿಂದಿತ್ತ ನಡೆಯುತ್ತಾ ಹೇಳತೊಡಗಿದ. ಚೆಸ್ ಬರೆಯುವವರು ಕೆಟ್ಟ ನಡೆಯ ಪಕ್ಕ ಪ್ರಶ್ನೆಚಿಹ್ನೆ ಹಾಕುತ್ತಾರೆ, ಒಳ್ಳೆಯದಕ್ಕೆ ಒಂದು ಆಶ್ಚರ್ಯಸೂಚಕ, ಲಕ್ಷಕ್ಕೊಂದು ನಡೆಗೆ ಎರಡು.

"ಒಂಟೆಯ ನಡೆ. ಎರಡು ಆಶ್ಚರ್ಯಸೂಚಕ ಹಾಕು" ಎಂದ. "ಬರಿ: ಹನ್ನೊಂದು ನಡೆಗಳಷ್ಟು ಮುಂಚೆಯೇ ಯೋಚಿಸಿಟ್ಟಿದ್ದ ಈ ಬಲಿದಾನ..."

ಎರಡು ಆಶ್ಚರ್ಯಸೂಚಕ ಒತ್ತಿದ ಮೇಲೆ ನನ್ನ ಬೆರಳು ನಿಂತವು. "ಮೆತೋದಿ, ನಿನ್ನ ತೋಳು ತಾಗಿತ್ತು."

"ಓದುವವರಿಗೆ ತೋಳು ಗೊತ್ತಿಲ್ಲ."

"ನನಗೆ ಗೊತ್ತಲ್ಲ. ದೆಲ್ಚೋನ ಬಿಕ್ಕಳಿಕೆಗೆ ಗೊತ್ತಲ್ಲ. ನಾನೂರ ಹನ್ನೆರಡು ಪುಟ ನಾಲ್ಕು ಸಲ ಕುಟ್ಟಿದ್ದೀನಿ, ಅದರಲ್ಲಿ ಒಂದು ಸುಳ್ಳಿರಲಿಲ್ಲ. ಕೊನೇ ಪುಟಕ್ಕೆ ಬಂದು ಸುಳ್ಳು ಕುಟ್ಟು ಅಂತೀಯಾ? ಬೇಕಾದ್ರೆ ನೀನೇ ಕುಟ್ಕೋ."

ಅವನು ಕುಟ್ಟಿಕೊಳ್ಳಲು ನೋಡಿದ. ಒಂದು ಸಾಲಿಗೆ ಅರ್ಧ ದಿನ ಬೇಕಾಯಿತು, ಅದೂ ಎಲ್ಲ ಅಕ್ಷರವೂ ಒಂದರ ಮೇಲೊಂದು ಹತ್ತಿ ಕೂತಿದ್ದವು. ಎರಡು ದಿನ ನಮ್ಮ ಮನೆಯಲ್ಲಿ ಮಾತಿಲ್ಲ. ಬೀನ್ಸ್ ಸಾರು, ಮೆಣಸಿನಕಾಯಿ ಉಪ್ಪಿನಕಾಯಿ, ಮೌನ. ಮೂರನೇ ದಿನ ಬೆಳಗ್ಗೆ ಬಂದು ಕಿಟಕಿಯ ಕಡೆ ಮುಖ ಮಾಡಿ ನಿಂತ.

"ಬರ್ಕೋ" ಎಂದ. "ಈ ಆಟದಲ್ಲಿ ನಾನು ಕುಡಿದಿದ್ದೆ. ನನ್ನ ತೋಳು ತಾಗಿತು. ಅದಕ್ಕೆ ಮೊದಲು ಎದುರಾಳಿ ಡ್ರಾ ಕೇಳಿದ್ದ, ಒಪ್ಪಿಕೊಳ್ಳೆಂದು ನನ್ನ ಹೆಂಡತಿ ಸ್ಲಾವ್ಕಾ ಕೂಗಿ ಹೇಳಿದಳು, ನಾನು ಕೇಳಲಿಲ್ಲ." ಮುಂದಿನದನ್ನು ಗಡ್ಡದೊಳಗೇ ಗೊಣಗಿದ.

"ಏನಂದೆ? ಕೇಳಿಸ್ಲಿಲ್ಲ."

"ಅವಳು ಹೇಳಿದ್ದೇ ಸರಿ."

"ಈ ಯಂತ್ರದ ಸದ್ದಿಗೆ ಏನೂ ಕೇಳಲ್ಲಪ್ಪ. ಜೋರಾಗಿ ಹೇಳು."

"ಅವಳು ಹೇಳಿದ್ದೇ ಸರಿ!" ಎಂದು ಬೀದಿಗೆ ಕೇಳುವ ಹಾಗೆ ಕೂಗಿದ.

ಯಂತ್ರ ಆಗ ಸದ್ದೇ ಮಾಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದೇನೆ, ಆ ಮಾತು ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ನನ್ನ ಕಣ್ಣು ಮಂಜಾಗಿ ಅಕ್ಷರದ ಕೀಲಿಗಳು ಕಾಣಲಿಲ್ಲ. ಒಂದೊಂದೇ ಹುಡುಕಿ ಹುಡುಕಿ ಒತ್ತಿದೆ. ಆಮೇಲೆ ಒಂಟೆಯ ಪಕ್ಕ ಹಾಕಿದ್ದ ಎರಡು ಆಶ್ಚರ್ಯಸೂಚಕಗಳನ್ನು ಬ್ಲೇಡಿನಲ್ಲಿ ಕೆರೆದು ತೆಗೆದು, ಈ ವಾಕ್ಯದ ಕೊನೆಗೆ ಹಾಕಿದೆ. ಪುಸ್ತಕದಲ್ಲಿ ಈಗಲೂ ಹಾಗೆಯೇ ಇದೆ, ಕೊನೆಯ ಪುಟದಲ್ಲಿ.